ಹಿಂದಿನ ದಾರಿಯಿಂದ ಬರ್ತೀನಿ

ಅವನಿಗೆ ‘ಥೂ ಮಾಮ’ ಎಂಬ ಹೆಸರು ಬಿದ್ದದ್ದು ಶನಿವಾರದ ಸಂಜೆಗಳ ದೆಸೆಯಿಂದ. ಅವನಿದ್ದ ಕಟ್ಟಡದ ಗೋಡೆಗಳು ತೀರಾ ತೆಳು. ಒಬ್ಬರು ಸೀನಿದರೆ ಮೂರು ಮನೆಯವರು ಹರಸಬಹುದಿತ್ತು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಮೇಲಿನ ಮಹಡಿಯಿಂದ ‘ಥೂ! ಯಾವನೋ ಇದನ್ನ ಬರೆದೋನು?’ ಎಂಬ ಕೂಗು ಕೇಳಿತೆಂದರೆ, ಟೀವಿಯಲ್ಲಿ ಆಕಾಶದ ಹಡಗಿನ ಧಾರಾವಾಹಿ ಶುರುವಾಯಿತು ಎಂದು ಇಡೀ ಕಟ್ಟಡಕ್ಕೆ ತಿಳಿಯುತ್ತಿತ್ತು. ಮೆಟ್ಟಿಲ ಮೇಲೆ ಎದುರಾದ ಮಕ್ಕಳು ‘ಥೂ ಮಾಮ ಬಂದ’ ಎಂದು ಕಿಸಿಕಿಸಿ ನಗುತ್ತ ಓಡುತ್ತಿದ್ದವು. ಅವನಿಗೆ ಅದರಿಂದ ಬೇಜಾರೇನೂ ಆಗುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಪುಕ್ಕಟೆ ಬಂದದ್ದು, ಇದು ಬಾಯಿ ನೋಯಿಸಿಕೊಂಡು ಸಂಪಾದಿಸಿದ್ದು ಎನ್ನುತ್ತಿದ್ದ.

ಅವನ ಕಸುಬು ಇಸ್ತ್ರಿ. ಎರಡು ಬೀದಿ ದಾಟಿದರೆ ಸಿಗುವ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಬೆಯ ಇಸ್ತ್ರಿಪೆಟ್ಟಿಗೆಯ ಮುಂದೆ, ಇಪ್ಪತ್ತು ಚಿಲ್ಲರೆ ವರ್ಷದಿಂದ ನಿಂತೇ ಇದ್ದಾನೆ. ದಿನವೆಲ್ಲ ಬೇರೆಯವರ ಕೋಟಿನ ಸುಕ್ಕು ಬಿಡಿಸಿದವನಿಗೆ ಸಂಜೆ ಯಾರ ಮೇಲಾದರೂ ಹಬೆ ಬಿಡಬೇಕು ಅನ್ನಿಸಿದರೆ ತಪ್ಪೇನು? ಮಾಲೀಕನ ಮೇಲೆ ಬಿಟ್ಟರೆ ಕೆಲಸ ಹೋಗುತ್ತದೆ. ಹೆಂಡತಿಯ ಮೇಲೆ ಬಿಟ್ಟರೆ ಊಟ ಹೋಗುತ್ತದೆ. ಧಾರಾವಾಹಿ ಬರೆಯುವವರ ಮೇಲೆ ಬಿಟ್ಟರೆ ಏನೂ ಹೋಗುವುದಿಲ್ಲ. ಅವರು ಎಲ್ಲೋ ದೂರದ ಊರಿನಲ್ಲಿ, ಬೇರೆ ಭಾಷೆಯಲ್ಲಿ, ಹೊಟ್ಟೆ ತುಂಬ ಉಂಡು ಕೆಟ್ಟದಾಗಿ ಬರೆಯುತ್ತ ಆರಾಮಾಗಿರುತ್ತಾರೆ.

ಧಾರಾವಾಹಿಯ ಕತೆ ಇಷ್ಟು: ಭೂಮಿ ಹಾಳಾಗಿದೆ, ಉಳಿದ ಒಂದಷ್ಟು ಜನ ದೊಡ್ಡದೊಂದು ಹಡಗಿನಲ್ಲಿ ನಕ್ಷತ್ರಗಳ ನಡುವೆ ಇನ್ನೊಂದು ನೆಲ ಹುಡುಕುತ್ತ ಹೊರಟಿದ್ದಾರೆ. ಅವರು ಆಡುವುದು ಪರಭಾಷೆ, ಪರದೆಯ ಕೆಳಗೆ ನಮ್ಮ ಅಕ್ಷರ. ಪಾತ್ರಗಳ ಹೆಸರು ನಾಲಿಗೆಗೆ ಹೊರಳದ ಕಾರಣ ಮನೆಯಲ್ಲಿ ಬೇರೆ ನಾಮಕರಣವಾಗಿತ್ತು. ಕಪ್ತಾನನಿಗೆ ಮುಖಕ್ಕಿಂತ ಗಲ್ಲವೇ ದೊಡ್ಡದು, ಆದ್ದರಿಂದ ಅವನು ಗಲ್ಲದವನು. ಹಡಗಿನ ಯಂತ್ರ ಹೆಂಗಸಿನ ದನಿಯಲ್ಲಿ ಗೋಡೆಯೊಳಗಿಂದ ಮಾತಾಡುತ್ತಿತ್ತು, ಅದು ಗೋಡೆ. ಹಡಗಿನೊಳಗೆ ಒಂದು ಗಾಜಿನ ತೋಟ, ಅಲ್ಲಿ ಮಣ್ಣು ಕೆದಕುತ್ತ ಎಲ್ಲರಿಗೂ ಬೈಯುವ ಒಬ್ಬ ಮುದುಕಿ. ಅವಳು ತೋಟದಮ್ಮ.

ಇಸ್ತ್ರಿಯವನಿಗೆ ಮೊದಲ ತಕರಾರು ಬಟ್ಟೆಯದ್ದೇ. ‘ಭೂಮಿ ಬಿಟ್ಟು ಎಷ್ಟು ವರ್ಷ ಆಯ್ತು? ಗಲ್ಲದವನ ಅಂಗೀಲಿ ಗೆರೆ ಹೇಗೆ ನಿಂತಿದೆ ನೋಡು. ಹಡಗಲ್ಲಿ ಡಾಕ್ಟರ್ ಇದ್ದಾನೆ, ಸಿಪಾಯಿ ಇದ್ದಾನೆ, ಪ್ರೀತಿ ಮಾಡೋಕೇ ಅಂತ ನಾಲ್ಕು ಜನ ಇದ್ದಾರೆ. ಬಟ್ಟೆ ಒಗೆಯೋನು ಒಬ್ಬನಾದ್ರೂ ಇದ್ದಾನಾ?’

ಎರಡನೆಯದು ಮಾತಿನದ್ದು. ಅಲ್ಲಿ ಒಬ್ಬರಿಗೊಬ್ಬರು ಗೊತ್ತಿದ್ದುದನ್ನೇ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತ ಅಕ್ಕನ ಕಡೆ ತಿರುಗಿ ಅವನು ಕೇಳುವನು: ‘ನಿನಗೆ ಗೊತ್ತಿರುವ ಹಾಗೆ ನಮ್ಮ ಭೂಮಿ ನಾಶವಾಗಿದೆ ಅಂತಾನೆ. ಗೊತ್ತಿದ್ರೆ ಯಾಕೋ ಹೇಳ್ತೀಯ? ಅಕ್ಕ, ನಾನು ಬೆಳಗ್ಗೆ ಎದ್ದು ನಿನ್ನ ಹತ್ರ ಬಂದು, ನಿನಗೆ ಗೊತ್ತಿರುವ ಹಾಗೆ ನಾನು ನಿನ್ನ ತಮ್ಮ ಅಂತೀನಾ?’

ಅವರು ಇಳಿಯುವ ಲೋಕಗಳನ್ನು ಕಂಡರಂತೂ ಅವನ ಮೈ ಉರಿಯುತ್ತಿತ್ತು. ಇಡೀ ಲೋಕಕ್ಕೆ ಒಂದೇ ಊರು, ಒಂದೇ ಹವೆ, ಎಲ್ಲರದ್ದೂ ಒಂದೇ ಅಭಿಪ್ರಾಯ. ‘ನಮ್ಮ ಮೆಟ್ಟಿಲು ಗುಡಿಸೋ ಸರದಿ ಯಾರದ್ದು ಅಂತ ಈ ಕಟ್ಟಡದಲ್ಲಿ ಆರು ಅಭಿಪ್ರಾಯ ಇದೆ’ ಎನ್ನುತ್ತಿದ್ದ. ಕತೆ ಗಂಟು ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಿಬಿಡುತ್ತಿದ್ದರು. ‘ಗಿರಾಕಿಯ ರೇಷ್ಮೆ ಅಂಗಿ ಸುಟ್ಟು, ಇರಿ ಸ್ವಾಮಿ, ಸುಡೋಕೆ ಮುಂಚಿನ ಕಾಲಕ್ಕೆ ಹೋಗಿ ತಂದುಕೊಡ್ತೀನಿ ಅಂದ್ರೆ ಸುಮ್ಮನಿರ್ತಾನಾ? ಅದೇ ಇಸ್ತ್ರಿಪೆಟ್ಟಿಗೇಲಿ ಹೊಡೀತಾನೆ.’ ಎಲ್ಲಕ್ಕಿಂತ ಹೆಚ್ಚು ಅಸಹ್ಯ ಸತ್ತವರು ವಾಪಸು ಬರುವುದು. ಒಬ್ಬ ಸತ್ತರೆ ಅವಳಿ ತಮ್ಮ ಬರುತ್ತಿದ್ದ, ಇನ್ನೊಬ್ಬಳು ಸತ್ತರೆ ಬೇರೆ ಲೋಕದಲ್ಲಿ ಅವಳದೇ ನಕಲು ಸಿಗುತ್ತಿತ್ತು. ಈ ವಿಷಯದಲ್ಲಿ ಅವನದೊಂದು ಶಾಸನವೇ ಇತ್ತು: ‘ಸತ್ತೋರು ಸತ್ತಿರಬೇಕು, ಬದುಕಿರೋರು ಕೆಲಸ ಮಾಡಬೇಕು. ಇಷ್ಟು ನಿಯಮ ಇಟ್ಕೊಳ್ಳೋಕಾಗದೋನು ಕತೆ ಬರೀಬಾರದು.’

‘ಇಷ್ಟು ಕೆಟ್ಟದಾಗಿದ್ರೆ ಯಾಕೆ ನೋಡ್ತೀರ?’ ಎಂದು ಹೆಂಡತಿ ಕೇಳುವಳು. ಅವಳು ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿಯುವವಳು, ಹೆಚ್ಚು ಮಾತಿನವಳಲ್ಲ.

‘ಕೆಟ್ಟದಾಗಿದೆ ಅಂತ ಯಾರಾದ್ರೂ ಹೇಳಬೇಡ್ವಾ?’ ಎನ್ನುವನು.

ಇದು ಬರೀ ಬಡಾಯಿ. ಅವನು ನೋಡುತ್ತಿದ್ದದ್ದು ಅಕ್ಕ ನೋಡುತ್ತಿದ್ದಳೆಂದು.

ಅಕ್ಕ ಅವನಿಗೆ ಅಕ್ಕನೂ ಹೌದು, ಅಮ್ಮನೂ ಹೌದು. ಅಮ್ಮ ತೀರಿಕೊಂಡಾಗ ಅವನಿನ್ನೂ ಗೋಡೆ ಹಿಡಿದು ನಡೆಯುವ ಕೂಸು. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ ‘ಇವನು ದೊಡ್ಡವನಾಗಲಿ’ ಎಂದಳು. ಅವನು ದೊಡ್ಡವನಾದ, ಮಾತು ಬರುವುದು ನಿಂತಿತು. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ. ಅದೇ ಡ್ರೈಕ್ಲೀನಿಂಗ್ ಅಂಗಡಿಯ ಮುಂಭಾಗದ ಕಿಟಕಿಯ ಬೆಳಕಿನಲ್ಲಿ ಕುಳಿತು ಅವಳು ರಫು ಮಾಡುತ್ತಿದ್ದಳು: ಬೆಲೆಬಾಳುವ ಕೋಟು ಹರಿದರೆ, ಅದರದೇ ಮಡಿಕೆಯ ಒಳಗಿನಿಂದ ಎಳೆ ತೆಗೆದು, ತೂತಿನ ಮೇಲೆ ಮತ್ತೆ ಬಟ್ಟೆಯನ್ನೇ ನೇಯುವ ಕೆಲಸ. ಮಾಡಿದ್ದು ಕಾಣಬಾರದು, ಕಂಡರೆ ಅದು ತೇಪೆ, ರಫು ಅಲ್ಲ. ಅಕ್ಕ ತಮ್ಮ ಇಬ್ಬರೂ ಒಂದೇ ಬಾಗಿಲಿನಿಂದ ಹೋಗಿ ಒಂದೇ ಬಾಗಿಲಿನಿಂದ ಬರುತ್ತಿದ್ದರು.

ಮೊದಲು ಅವಳ ಎಡಗಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು, ಆದ ಮೇಲೆ ಸೋಂಕಾಯಿತು, ಕಣ್ಣು ಹೋಯಿತು. ‘ಹೋದದ್ದು ಹೋಯ್ತು, ಇನ್ನೊಂದಿದೆಯಲ್ಲ’ ಎಂದಳು. ಆ ಇನ್ನೊಂದೂ ಮೆಲ್ಲಗೆ ಮಬ್ಬಾಗತೊಡಗಿತು. ಟೀವಿಯಲ್ಲಿ ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು ಹೋದವು, ಕೊನೆಗೆ ಪರದೆಯೆಂದರೆ ನೀಲಿ ಬೆಳಕಿನ ಒಂದು ಚೌಕ. ಆಗಿನಿಂದ ಕೆಳಗಿನ ಸಾಲುಗಳನ್ನು ಓದಿ ಹೇಳುವ ಕೆಲಸ ತಮ್ಮನಿಗೆ ಬಂತು. ಅವನು ಒಂದು ಸಾಲು ಓದಿ ಎರಡು ಸಾಲು ಉಗಿಯುತ್ತಿದ್ದ.

‘ಮೊದಲು ಓದು, ಆಮೇಲೆ ಉಗಿ’ ಎನ್ನುತ್ತಿದ್ದಳು ಅಕ್ಕ. ‘ತೋಟದಮ್ಮ ಏನಂದಳು?’

ಅವಳಿಗೆ ಬೇಕಾದದ್ದು ತೋಟದಮ್ಮ ಒಬ್ಬಳೇ. ಕಂತಿಗೆ ಎರಡು ಮೂರು ಮಾತಿಗಿಂತ ಹೆಚ್ಚು ಆ ಮುದುಕಿಗೆ ಇರುತ್ತಿರಲಿಲ್ಲ. ‘ಇಡೀ ಹಡಗಲ್ಲಿ ಕೆಲಸ ಮಾಡೋಳು ಇವಳೊಬ್ಬಳೇ ಕಣೋ. ಮಿಕ್ಕೋರೆಲ್ಲ ಓಡಾಡ್ತಾರೆ ಅಷ್ಟೆ’ ಎಂದು ಅಕ್ಕ ಹೇಳಿದರೆ ತಮ್ಮನೂ ಒಪ್ಪುತ್ತಿದ್ದ. ಇವಳನ್ನು ಬರೆದವನು ಬೇರೆ ಯಾರೋ ಇರಬೇಕು, ಬಾಕಿಯವರು ರಜದಲ್ಲಿದ್ದಾಗ ಕದ್ದು ಬರೆದಿರಬೇಕು ಎನ್ನುತ್ತಿದ್ದ.

ಓದುತ್ತ ಓದುತ್ತ ಅವನು ಸಣ್ಣಪುಟ್ಟ ತಿದ್ದುಪಡಿಗೆ ಕೈ ಹಾಕಿದ. ‘ನಿನಗೆ ಗೊತ್ತಿರುವ ಹಾಗೆ’ ಎಂಬುದನ್ನು ಹಾರಿಸಿದ. ಪ್ರೀತಿಯ ಮಾತು ಉದ್ದವಾದರೆ ‘ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ಇದ್ದಾರೆ, ಇನ್ನೂ ಮುಗಿದಿಲ್ಲ’ ಎಂದು ಮುಗಿಸಿದ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ, ಕತೆಗಂತೂ ಲಾಭವೇ ಆಯಿತು.

ಹೀಗಿರುವಾಗ ಒಂದು ವಾರ ಅಕ್ಕ ಬೆರಳಿನ ಅಂದಾಜಿನಲ್ಲೇ ರಫು ಮಾಡಿದ ಬೂದು ಕೋಟೊಂದನ್ನು ಗಿರಾಕಿ ವಾಪಸು ತಂದ. ಎಳೆಗಳು ಹಾದಿ ತಪ್ಪಿದ್ದವು, ತೂತಿದ್ದ ಜಾಗ ಹುಣ್ಣಿನ ಕಲೆಯ ಹಾಗೆ ಕಾಣುತ್ತಿತ್ತು. ಮಾಲೀಕ ಒಳ್ಳೆಯ ಮಾತಿನಲ್ಲೇ ‘ಇನ್ನು ಮನೇಲಿ ವಿಶ್ರಾಂತಿ ತಗೊಳ್ಳಿ ಅಕ್ಕ’ ಎಂದ. ಅವಳು ಸೂಜಿಯ ಡಬ್ಬಿಯನ್ನು ಸೆರಗಿಗೆ ಒತ್ತಿಕೊಂಡು ತಮ್ಮನ ತೋಳು ಹಿಡಿದು ಮನೆಗೆ ಬಂದಳು. ಮನೆಯ ಹೊಸ್ತಿಲಲ್ಲಿ ‘ಮುಗೀತು ನೋಡು’ ಎಂದಳು.

ಆ ಶನಿವಾರವೇ ಧಾರಾವಾಹಿಯವರಿಗೆ ಬುದ್ಧಿ ಕೆಡಬೇಕೇ? ತೋಟಕ್ಕೆ ಬೆಂಕಿ ಬಿತ್ತು. ಬೆಂಕಿ ಹಡಗಿಗೆ ಹರಡದಂತೆ ನಡುವಿನ ಬಾಗಿಲು ಮುಚ್ಚಬೇಕು, ತೋಟದಮ್ಮ ಬಾಗಿಲಿನ ಆ ಕಡೆ. ಗಲ್ಲದವನು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದ. ಗಾಜಿನಾಚೆ ಮುದುಕಿ ಏನೋ ಅಂದಳು. ಕೆಳಗೆ ಅಕ್ಷರ ಮೂಡಿತು: ‘ಬಾಗಿಲು ಮುಚ್ಚಿ. ನನ್ನನ್ನು ಬಿಡಿ.’

ಅಕ್ಕ ಮೈಯೆಲ್ಲ ಕಿವಿಯಾಗಿ ಕುಳಿತಿದ್ದಳು. ‘ಏನಂದಳು?’

ತಮ್ಮ ಬಾಯಿ ತೆರೆದ. ‘ಬಾಗಿಲು ಮುಚ್ಚಿ’ ಎಂದು ಓದಿದ. ಆಮೇಲೆ, ‘ನಾನು ಹಿಂದಿನ ದಾರಿಯಿಂದ ಬರ್ತೀನಿ’ ಎಂದ.

ಬಾಗಿಲು ಮುಚ್ಚಿತು. ಗಲ್ಲದವನು ಗೋಳೋ ಎಂದು ಅತ್ತ. ‘ಇವನು ಯಾಕೆ ಅಳ್ತಾ ಇದ್ದಾನೆ?’ ಎಂದು ಅಕ್ಕ ಕೇಳಿದಳು. ‘ಹೊಗೆ ಕಣ್ಣಿಗೆ ಹೋಯ್ತು’ ಎಂದ. ‘ಸಂಗೀತ ಯಾಕೆ ಹೀಗೆ ಕೊರಗ್ತಾ ಇದೆ?’ ‘ಬೆಳೆ ಎಲ್ಲ ಸುಟ್ಟುಹೋಯ್ತಲ್ಲಕ್ಕ.’ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಆಮೇಲೆ ಅಡುಗೆಮನೆಯಲ್ಲಿ, ‘ಸತ್ತೋರು ಸತ್ತಿರಬೇಕು ಅಂತಿದ್ರಿ’ ಎಂದಳು.

‘ಅದು ಒಳ್ಳೆ ಕತೆಗೆ. ಈ ದರಿದ್ರ ಕತೆಗೆ ಯಾವ ನಿಯಮ?’ ಎಂದು ಅವನು ಸಿಡುಕಿದ. ‘ಹಡಗಲ್ಲಿ ಅಷ್ಟು ಜನ ಇದ್ದಾರೆ, ಸಾಯಿಸೋಕೆ ಇವಳೇ ಬೇಕಿತ್ತಾ? ಮುದುಕಿಗೆ ಒಂದು ಕೆಲಸ ಕೊಟ್ಟು ಬರೆಯೋದು ಕಷ್ಟ, ಸಾಯಿಸೋದು ಸುಲಭ. ಸೋಮಾರಿ ಮುಂಡೇವು! ಇನ್ನು ಈ ಹಡಗಿಗೆ ತರಕಾರಿ ಎಲ್ಲಿಂದ ಬರತ್ತೆ? ಮುಂದಿನ ವಾರ ನೋಡು, ಎಲ್ಲರೂ ಕೂತು ತಿಂತಾ ಇರ್ತಾರೆ.’

ಮುಂದಿನ ವಾರ ಎಲ್ಲರೂ ಕೂತು ತಿನ್ನುತ್ತಲೇ ಇದ್ದರು. ತೋಟದಮ್ಮನ ಹೆಸರನ್ನು ಒಬ್ಬನೂ ಎತ್ತಲಿಲ್ಲ. ಇಸ್ತ್ರಿಯವನ ಬಾಯಿಂದ ಅಂದು ಬಂದ ಬೈಗುಳಕ್ಕೆ ಕೆಳಗಿನ ಮನೆಯವರು ಕಿಟಕಿ ಹಾಕಿಕೊಂಡರಂತೆ. ಆದರೆ ಒಂದು ಸುಳ್ಳಿಗೆ ಹತ್ತು ಸುಳ್ಳಿನ ಊರುಗೋಲು ಬೇಕಲ್ಲ. ‘ತೋಟದಮ್ಮ ಎಲ್ಲಿ?’ ಎಂದು ಅಕ್ಕ ಕೇಳುವುದಕ್ಕೂ ಗೋಡೆಯೊಳಗಿನ ಯಂತ್ರ ಮಾತಾಡುವುದಕ್ಕೂ ಸರಿಹೋಯಿತು. ಪರದೆಯ ಕೆಳಗೆ ಬಂದದ್ದು, ‘ಆಮ್ಲಜನಕದ ಮಟ್ಟ ಇಳಿಯುತ್ತಿದೆ.’ ಅವನು ಓದಿದ್ದು, ‘ಕಿಟಕಿ ತೆರೀರೋ, ಉಸಿರು ಕಟ್ತಾ ಇದೆ!’

ಅಕ್ಕ ಪಕಪಕ ನಕ್ಕಳು. ಅಂಗಡಿ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ‘ಆಕಾಶದ ಹಡಗಲ್ಲಿ ಕಿಟಕಿ ತೆರೆಯೋದಾ? ಇವಳು ಇವಳೇ ಸರಿ! ದನಿ ಯಾಕೆ ಗೋಡೆಯ ದನಿ ಹಾಗಾಗಿದೆ?’

‘ಹೊಗೆ ಕುಡಿದು ಗಂಟಲು ಹೋಗಿದೆ. ತೋಟದಲ್ಲಿ ಕೂತು ಗೋಡೆಯ ಸ್ಪೀಕರಲ್ಲೇ ಮಾತಾಡ್ತಾಳೆ.’

ಅಂದಿನಿಂದ ಗೋಡೆಯ ಮಾತೆಲ್ಲ ತೋಟದಮ್ಮನ ಮಾತಾಯಿತು. ಬಲಬದಿಯ ಇಂಜಿನು ಕೆಟ್ಟಿದೆ ಎಂದು ಯಂತ್ರ ಹೇಳಿದರೆ, ‘ಬಲಗಡೆ ಮಂಡಿ ಹಿಡ್ಕೊಂಡಿದೆ, ಇವತ್ತು ನನ್ನ ಕರೀಬೇಡಿ’ ಎಂದು ತೋಟದಮ್ಮ ಹೇಳುತ್ತಿದ್ದಳು. ಶತ್ರುಗಳ ಹಡಗು ಬಂತೆಂದರೆ, ‘ಯಾರೋ ಬಂದ್ರು, ಕಾಲು ಒರೆಸ್ಕೊಂಡು ಒಳಗೆ ಬರೋಕೆ ಹೇಳಿ’ ಎನ್ನುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತಾಗಲೂ ಅವನ ತಲೆಯಲ್ಲಿ ಅವಳ ಮಾತೇ. ಒಮ್ಮೊಮ್ಮೆ ತಾನೇ ನಗುತ್ತಿದ್ದ. ಧಾರಾವಾಹಿ ಈಚೆಗೆ ಎಷ್ಟೋ ವಾಸಿಯಾಗಿದೆ ಎಂದು ಅಕ್ಕ ಹೇಳಿದ ದಿನ, ಅವನ ಎದೆ ಎಷ್ಟು ಉಬ್ಬಿತೆಂದರೆ ಉಗಿಯುವುದೇ ಮರೆತುಹೋಯಿತು. ‘ಯಾರನ್ನ ಬೈತಾ ಇದ್ರೋ ಅವರ ಕೆಲಸಾನೇ ಮಾಡ್ತಾ ಇದ್ದೀರ’ ಎಂದಳು ಹೆಂಡತಿ. ಅವನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

ನಿಜವಾದ ಸಂಕಟ ಬೇರೆ ಇತ್ತು. ಕಣ್ಣಿನ ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪವಿಡುವವಳಲ್ಲ. ‘ಈ ಕಣ್ಣಿನ ಪೊರೆ ಈಗ ತೆಗೆಸಿದ್ರೆ ನೋಟ ಬರತ್ತೆ. ಬಿಟ್ಟರೆ ಗಟ್ಟಿಯಾಗ್ತಾ ಹೋಗತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ’ ಎಂದಿದ್ದಳು. ಅಕ್ಕನದು ಒಂದೇ ಹಟ. ‘ಒಂದು ಕಣ್ಣು ಅವರಿಗೆ ಕೊಟ್ಟಾಯ್ತು. ಇದು ನನ್ನದು. ಇಷ್ಟು ಬೆಳಕು ಕಾಣತ್ತಲ್ಲ, ಸಾಕು.’ ತಮ್ಮ ಗದರಿಸಿದ, ಅವನ ಹೆಂಡತಿ ಕೈ ಹಿಡಿದು ಬೇಡಿಕೊಂಡಳು. ಅಕ್ಕ ಗೋಡೆ ಮುಟ್ಟಿಕೊಂಡು ಎದ್ದು ತನ್ನ ಕೋಣೆಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಅವಳು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಸುಟ್ಟುಕೊಂಡಳು. ಇನ್ನೊಂದು ದಿನ ಮೆಟ್ಟಿಲ ಅಂಚಿನಲ್ಲಿ ಕಾಲು ಗಾಳಿಗಿಟ್ಟಳು. ಅಲ್ಲಿ ಆಡುತ್ತಿದ್ದ ಕಟ್ಟಡದ ಮಕ್ಕಳು ಹಿಡಿದುಕೊಂಡದ್ದಕ್ಕೆ ಉಳಿದಳು.

ಆಗ ಇಸ್ತ್ರಿಯವನು, ಜನ್ಮದಲ್ಲಿ ಮಾಡಬಾರದೆಂದುಕೊಂಡಿದ್ದ ಕೆಲಸ ಮಾಡಿದ. ಬರೆಯುವವರಲ್ಲೆಲ್ಲ ಅವನಿಗೆ ಅತಿ ಕನಿಷ್ಠರಾಗಿ ಕಾಣುತ್ತಿದ್ದವರು ನೀತಿ ಹೇಳುವವರು, ಬಾಳೆಹಣ್ಣಿನೊಳಗೆ ಮಾತ್ರೆ ಬಚ್ಚಿಟ್ಟು ಕೊಡುವ ಜಾತಿ. ಈಗ ಅವನೇ ಹಣ್ಣು ಸುಲಿಯತೊಡಗಿದ. ಒಂದು ಶನಿವಾರ ತೋಟದಮ್ಮನಿಗೆ ಬೀಜ ಯಾವುದು, ಕಲ್ಲು ಯಾವುದು ಗೊತ್ತಾಗದೆ ಹೋಯಿತು. ಮರುವಾರ ಅವಳು ಆಪರೇಷನ್ ಬೇಡ ಎಂದು ಹಟ ಹಿಡಿದಳು. ಅದರ ಮರುವಾರ ಪರದೆಯ ಮೇಲೆ ಹಡಗಿನ ಡಾಕ್ಟರ್ ಯಾರದೋ ಮುರಿದ ಕಾಲಿನ ವಿಷಯ ಯಂತ್ರದೊಡನೆ ಚರ್ಚಿಸುತ್ತಿದ್ದ. ಇತ್ತ ಇಸ್ತ್ರಿಯವನು ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದ: ‘ಆಯ್ತು ಡಾಕ್ಟ್ರೇ, ಮಾಡಿಬಿಡಿ. ಕತ್ತಲೇಲಿ ಕೂತು ಯಾರನ್ನ ಉದ್ಧಾರ ಮಾಡಲಿ.’ ಆಮೇಲೆ, ‘ಅಯ್ಯೋ, ಇಷ್ಟೇನಾ? ಇರುವೆ ಕಚ್ಚಿದ ಹಾಗೂ ಆಗಲಿಲ್ಲ!’ ಕೊನೆಗೆ, ‘ಮೊದಲು ಕಂಡಿದ್ದು ಒಂದು ಎಲೆ. ಅದರ ನರ ಕೂಡ ಕಾಣ್ತಾ ಇದೆ.’

ಓದಿ ಮುಗಿಸಿದಾಗ ಅವನಿಗೆ ತನ್ನ ಮೇಲೇ ಉಗಿಯಬೇಕೆನ್ನಿಸಿತು. ಇದಕ್ಕಿಂತ ಸಪ್ಪೆ ದೃಶ್ಯವನ್ನು ಆ ಸೋಮಾರಿಗಳೂ ಬರೆದಿರಲಿಲ್ಲ. ಅಕ್ಕ ಎದ್ದು ತನ್ನ ಕೋಣೆಗೆ ಹೋದಳು.

ಬೆಳಗ್ಗೆ ಅವನು ಅಂಗಡಿಗೆ ಹೊರಟಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ‘ಡಾಕ್ಟರಿಗೆ ಹೇಳು, ಬರ್ತೀನಿ ಅಂತ’ ಎಂದಳು. ಅವನಿಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಸೇರಿಸಿದಳು. ‘ಕಣ್ಣು ಬಂದ ಮೇಲೆ ಮೊದಲು ಅವಳ ಮುಖ ನೋಡಬೇಕು ಕಣೋ. ಬೆಂಕಿಗೆ ಸಿಕ್ಕಿದ ಮೇಲೆ ಹೇಗಾಗಿದ್ದಾಳೋ ಏನೋ.’

ಅಂದು ಅವನು ಮೂರು ಅಂಗಿಗೆ ತಪ್ಪು ಮಡಿಕೆ ಹಾಕಿದ.

ಆಪರೇಷನ್ ಆಯಿತು. ಸೋಂಕು ಗೀಂಕು ಏನೂ ಆಗಲಿಲ್ಲ. ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ಅಕ್ಕ ಬಹಳ ಹೊತ್ತು ಕಣ್ಣು ಪಿಳುಕಿಸಿದಳು. ಬೆಳಕನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ‘ನಿನ್ನ ತಲೆ ಯಾವಾಗ ಬೆಳ್ಳಗಾಯ್ತೋ?’ ಎಂದಳು. ಅವನು ಅಲ್ಲಿಯೇ, ನರ್ಸುಗಳ ಎದುರಿಗೇ, ಮೂಗು ಸುರಿಸಿಕೊಂಡು ಅತ್ತ. ಕನ್ನಡಕ ಇನ್ನೂ ಕೆಲವು ವಾರ ಕಳೆದ ಮೇಲೆ, ಅಲ್ಲಿಯವರೆಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಮಿಕ್ಕದ್ದೆಲ್ಲ ಕಾಣುತ್ತದೆ ಎಂದಳು ಡಾಕ್ಟರಮ್ಮ.

ಮಿಕ್ಕದ್ದೆಲ್ಲ ಎಂದರೆ ಅದರಲ್ಲಿ ಮುಖಗಳೂ ಸೇರಿದ ಹಾಗಾಯಿತು. ಕೆಲವು ದಿನ ಮನೆಯಲ್ಲಿ ಮಲಗಿದ್ದ ಅಕ್ಕ ಶನಿವಾರ ಎದ್ದು ಕೂರುವೆನೆಂದಳು. ಅವನಿಗೆ ಆ ವಾರವೆಲ್ಲ ನಿದ್ದೆ ಬರಲಿಲ್ಲ. ಟೀವಿ ಕೆಟ್ಟಿದೆ ಎನ್ನಲೇ? ಹೆಂಡತಿ ಒಪ್ಪಲಿಲ್ಲ. ‘ನೀವು ಬರೆದದ್ದು, ನೀವೇ ಮುಗಿಸಿ’ ಎಂದಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದವನ ತಲೆಯಲ್ಲಿ ಏನೇನು ಉಪಾಯ ಬಂದವು ನೋಡಿ: ತೋಟದಮ್ಮನಿಗೊಬ್ಬಳು ಅವಳಿ ತಂಗಿ. ತೋಟದಮ್ಮ ಮಂಜುಗಡ್ಡೆಯಲ್ಲಿ ನಿದ್ದೆ. ತೋಟದಮ್ಮ ಇನ್ನೊಂದು ಲೋಕದಲ್ಲಿ. ಇಷ್ಟು ವರ್ಷ ಉಗಿದದ್ದೆಲ್ಲ ಸಾಲಾಗಿ ಬಂದು ‘ನಾವಿದ್ದೇವೆ’ ಎಂದು ನಿಂತುಕೊಂಡವು.

ಶನಿವಾರ ಬಂತು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಪರದೆಯ ಮುಂದೆ ಕುಳಿತಳು. ಗಲ್ಲದವನನ್ನು ಕಂಡು ‘ಇವನಿಗೆ ಗಲ್ಲ ಇನ್ನೂ ಬೆಳೆದಿದೆ’ ಎಂದಳು. ತೋಟವಿದ್ದ ಕಡೆ ಬರೀ ಕರಿ ಬಾಗಿಲು. ಗೋಡೆ ಮಾತಾಡಿತು. ಪರದೆಯ ತುಂಬ ಖಾಲಿ ಓಣಿ, ಮಿನುಗುವ ದೀಪ, ಮನುಷ್ಯರ ಸುಳಿವಿಲ್ಲ.

‘ಮಾತಾಡ್ತಾ ಇದ್ದಾಳಲ್ಲ, ಎಲ್ಲಿ?’

ತಮ್ಮ ಗಂಟಲು ಸರಿಮಾಡಿಕೊಂಡ. ‘ಅವಳು ಈಗ... ಬೇರೆ ಕಾಲದಲ್ಲಿದ್ದಾಳೆ ಅಕ್ಕ. ಅಲ್ಲಿಂದ ಮಾತಾಡ್ತಾಳೆ.’

ಅಕ್ಕ ನಿಧಾನವಾಗಿ ಅವನ ಕಡೆ ತಿರುಗಿದಳು. ಹೊಸ ಕಣ್ಣು ಅವನ ಮುಖದ ಮೇಲೆ ನಿಂತಿತು.

‘ಥೂ’ ಎಂದಳು. ‘ಯಾವನೋ ಇದನ್ನ ಬರೆದೋನು?’

ಮೂಲೆಯಲ್ಲಿ ಹೆಂಡತಿ ಮಡಿಸುತ್ತಿದ್ದ ಟವೆಲನ್ನು ಮುಖಕ್ಕೆ ಒತ್ತಿಕೊಂಡಳು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ‘ನಾನೇ’ ಎಂದ. ಬೆಂಕಿ ಬಿದ್ದ ದಿನವೇ ಅವಳು ಸತ್ತಳೆಂದ. ಆಮೇಲಿನದ್ದೆಲ್ಲ, ಮಂಡಿನೋವು, ಕಾಲು ಒರೆಸುವುದು, ಬೀಜ, ಡಾಕ್ಟರ್, ಎಲ್ಲ ತನ್ನ ಕಿತಾಪತಿ ಎಂದ. ಟೀವಿಯಲ್ಲಿ ಯಾರೋ ಯಾರ ಮೇಲೋ ಗುಂಡು ಹಾರಿಸುತ್ತಿದ್ದರು. ಯಾರೂ ನೋಡಲಿಲ್ಲ.

‘ಹಾಗಾದ್ರೆ ಸತ್ತೋಳ ಮಾತು ಕೇಳಿ ನಾನು ಕಣ್ಣು ಕೊಟ್ಟೆ’ ಎಂದಳು ಅಕ್ಕ.

‘ಕಣ್ಣು ಬಂತಲ್ಲಕ್ಕ.’

‘ಬಂತು. ಆದ್ರೆ ನಿನಗೆ ಬರೆಯೋಕೆ ಬರಲ್ಲ. ಇರುವೆ ಕಚ್ಚಿದ ಹಾಗೂ ಆಗಲಿಲ್ಲ ಅಂದಳಲ್ಲ. ನನಗೆ ಆಪರೇಷನ್ ಆದ ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರೀತು ಕಣೋ. ಅವಳಿಗೆ ಏನೂ ಆಗಲಿಲ್ಲ, ನನಗೆ ಮಾತ್ರ ಯಾಕೆ ಹೀಗೆ? ಇದೂ ಹೋಯ್ತು ಅಂದ್ಕೊಂಡೆ. ಎಡಗಣ್ಣೂ ಹೀಗೇ ಹೋಗಿತ್ತಲ್ಲ. ಗೋಡೆ ಕಡೆ ತಿರುಗಿ ಅತ್ತೆ. ನಿಮ್ಮನ್ನ ಎಬ್ಬಿಸಬಾರದು ಅಂತ ಸೆರಗು ಕಚ್ಚಿಕೊಂಡೆ.’

ಇಸ್ತ್ರಿಯವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಲೋಕದ ಬರಹಗಾರರನ್ನೆಲ್ಲ ಸೋಮಾರಿಗಳು ಎಂದು ಬೈದವನು, ತನ್ನ ಒಂದೇ ಒಂದು ದೃಶ್ಯದಲ್ಲಿ ನೋವನ್ನು ಬಿಟ್ಟುಬಿಟ್ಟಿದ್ದ. ಆ ನೋವು ನೆಟ್ಟಗೆ ಬಂದು ಅಕ್ಕನನ್ನು ಹಿಡಿದಿತ್ತು.

‘ಉರಿಯತ್ತೆ ಅಂತ ಬರೆದಿದ್ರೆ ನೀನು ಒಪ್ತಿರಲಿಲ್ಲ’ ಎಂದ ಮೆಲ್ಲಗೆ.

‘ಒಪ್ತಿದ್ದೆ. ಅವಳು ಹೇಳಿದ್ರೆ ಒಪ್ತಿದ್ದೆ. ಅವಳು ಯಾವತ್ತಾದ್ರೂ ಬೆಣ್ಣೆ ಹಚ್ಚಿ ಮಾತಾಡಿದ್ದುಂಟಾ? ಅವತ್ತೇ ಅನ್ನಿಸ್ತು, ಇವಳ ಬಾಯಲ್ಲಿ ಇದು ಬರೋ ಮಾತಲ್ಲ ಅಂತ. ರಫು ಮಾಡಿದ್ದೀಯ, ಆದ್ರೆ ಹೊಲಿಗೆ ಕಾಣತ್ತೆ.’

ಅಕ್ಕ ಸೆರಗಿನಿಂದ, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ, ಕಣ್ಣಿನ ಅಂಚನ್ನಷ್ಟೇ ಒತ್ತಿ ಒರೆಸಿಕೊಂಡಳು.

‘ಸಾಯೋವಾಗ ಅವಳು ನಿಜವಾಗಿ ಏನಂದಳು?’

‘ಬಾಗಿಲು ಮುಚ್ಚಿ, ನನ್ನನ್ನು ಬಿಡಿ ಅಂದಳು.’

‘ನೀನು ಏನಂತ ಓದಿದ್ದೆ?’

‘ಹಿಂದಿನ ದಾರಿಯಿಂದ ಬರ್ತೀನಿ ಅಂತ.’

‘ಆಕಾಶದ ಹಡಗಿಗೆ ಹಿಂದಿನ ದಾರಿ ಎಲ್ಲಿಂದ ಬರಬೇಕೋ, ಪೆದ್ದ’ ಎಂದಳು. ಹೇಳುತ್ತ ಅವನ ಬೆಳ್ಳನೆಯ ತಲೆಯ ಮೇಲೆ ಒಂದು ಮೊಟಕಿದಳು. ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಜಾಗಕ್ಕೇ ಬಿತ್ತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಲ್ಲೇ ಇಟ್ಟಳು.

‘ಓದು’ ಎಂದಳು. ‘ಬರೆದಿದ್ದನ್ನೇ ಓದು, ಕೈಯಾಡಿಸಬೇಡ.’

ಅವನು ಓದತೊಡಗಿದ. ಗಲ್ಲದವನು ಯಾರಿಗೋ, ನಿನಗೆ ಗೊತ್ತಿರುವ ಹಾಗೆ ನಾವು ದಾರಿ ತಪ್ಪಿದ್ದೇವೆ ಎಂದ. ಅದನ್ನೂ ಬಿಡದೆ ಓದಿದ. ಅಷ್ಟರಲ್ಲಿ ಖಾಲಿ ಓಣಿ ಬಂತು, ದೀಪ ಮಿನುಗಿತು, ಗೋಡೆಯೊಳಗಿನ ಹೆಂಗಸು ಏನೋ ಅಂದಳು.

‘ಆಮ್ಲಜನಕದ ಮಟ್ಟ ಇಳಿಯುತ್ತಿದೆ’ ಎಂದು ತಮ್ಮ ಓದಿದ, ಒಂದಕ್ಷರ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ.

ಅಕ್ಕ ಪರದೆಯ ಮೇಲಿನ ಖಾಲಿ ಓಣಿಯನ್ನು ತನ್ನ ಒಂಟಿ ಕಣ್ಣಿನಿಂದ ದಿಟ್ಟಿಸಿ ನೋಡಿದಳು.

‘ಅವಳಾಗಿದ್ರೆ ಹೀಗನ್ನುತ್ತಿರಲಿಲ್ಲ’ ಎಂದಳು.

‘ಏನಂತಿದ್ದಳು?’

‘ಕಿಟಕಿ ತೆರೀರೋ ಅಂತಿದ್ದಳು.’

ತಮ್ಮ ಮುಂದಿನ ಸಾಲು ಓದಲಿಲ್ಲ. ಅದು ಬಂತು, ಹೋಯಿತು, ಅದರ ಹಿಂದೆಯೇ ಬಂದದ್ದೂ ಹೋಯಿತು. ‘ಓದೋ, ಏನಾಯ್ತು ನಿನಗೆ?’ ಎಂದು ಅಕ್ಕ ಗದರಿದಳು. ಅವನಿಗೆ ಅಕ್ಷರವೇ ಕಾಣುತ್ತಿರಲಿಲ್ಲ.